ಬಲಕ್ಕೇ ಹೊರಳುವ ತಲೆ

ಶಿವಯೋಗ ಮಂದಿರ
೨೨ ಏಪ್ರಿಲ್ ೨೦೨೪

ಸೊಸೆ ರಾಧಿಕಾಳಿಗೆ,

ನಿನ್ನ ಮಾವ ಹಣಮಪ್ಪ ಬರೆಯುತ್ತಿದ್ದೇನೆ. ನಾನು ಬಾದಾಮಿ ಹತ್ತಿರ ಶಿವಯೋಗ ಮಂದಿರದ ಮಠದಲ್ಲಿದ್ದೇನೆ, ಆರಾಮಿದ್ದೇನೆ. ಮೊಬೈಲನ್ನು ಮರೆತು ಬಂದಿಲ್ಲ, ಬೇಕೆಂದೇ ಟಿ.ವಿ. ಪಕ್ಕದಲ್ಲಿ ಇಟ್ಟು ಬಂದೆ. ಯುವರಾಜ ಅಪ್ಪ ಕಾಣೆಯಾದನೆಂದು ಗಾಬರಿಯಾಗಿ ಮರೋಳದ ಪಂಪ್‌ಹೌಸಿನ ಕೆಲಸ ಬಿಟ್ಟು ಹುಡುಕಿಕೊಂಡು ಬರುವುದು ಬೇಡ. ಹಾಗೆ ಅವನಿಗೆ ತಿಳಿಸು.

ಮೊನ್ನೆ ದವಾಖಾನೆಯಲ್ಲಿ ಮಕ್ಕಳ ಡಾಕ್ಟರು ಧರ್ಮುವಿನ ತಲೆಯನ್ನು ಮೇಲಿನಿಂದ ನೋಡಿ, ಹಿಂದೆ ಬಲಗಡೆ ಚಪ್ಪಟೆಯಾಗಿದೆ, ಬಲಗಿವಿ ಎಡಗಿವಿಗಿಂತ ಮುಂದೆ ಬಂದಿದೆ ಎಂದು ತೋರಿಸಿದರಲ್ಲ, ಆಗ ನಾನು ಬಾಗಿಲಲ್ಲಿ ಕೂಸಿನ ಚೀಲ ಹಿಡಿದು ನಿಂತಿದ್ದೆ. ನೀನು ಡ್ಯೂಟಿಗೆ ಹೋದ ಮೇಲೆ ಹಗಲೆಲ್ಲ ಇವನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಅವರು ಕೇಳಿದರು. ನೀನು ನನ್ನ ಕಡೆ ತಿರುಗದೆ ಹೇಳಿದೆ:

"ನಮ್ಮ ಮಾವಾರ್ರಿ. ಕಲ್ಲಿನಂಗ ಒಂದ ಕಡೆ ಇಟ್ಟು ಕುಂದರ್ತಾರ."

ಡಾಕ್ಟರು ನನ್ನತ್ತ ನೋಡಿದರು. ಹೊರಗೆ ಬೆಂಚಿನ ಮೇಲೆ ಕೂಸುಗಳನ್ನು ತೊಡೆಯಲ್ಲಿಟ್ಟುಕೊಂಡಿದ್ದ ಹೆಂಗಸರೂ ನೋಡಿದರು. ನನಗೆ ಚೀಲವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಕಲ್ಲಿಗೆ ಪಾಲಿಶ್ ಹೊಡೆದವನು ನಾನು. ಕಲ್ಲನ್ನು ಸಹ ಹಾಗೆ ಒಂದೇ ಕಡೆ ಇಡುತ್ತಿರಲಿಲ್ಲ. ನೀನು ಹೇಳಿದ್ದು ಸುಳ್ಳಾಗಿದ್ದರೆ ಜಗಳ ಆಡಿ ಮನೆಯಲ್ಲೇ ಇರುತ್ತಿದ್ದೆ. ಸುಳ್ಳಲ್ಲ, ಅದಕ್ಕೇ ಬಂದುಬಿಟ್ಟೆ.

ಅವನ ತಲೆ ಹಾಗೇ ಉಳಿಯುತ್ತದೆಯೋ ಸರಿಯಾಗುತ್ತದೆಯೋ, ಅಷ್ಟು ತಿಳಿಸಿದರೆ ಸಾಕು. ನಿಮ್ಮ ಡಿಪೋದ ಡ್ರೈವರ್ ಅನಿಲಕುಮಾರ ಇಲ್ಲಿಯವರೆಗೆ ಗಾಡಿ ತರುತ್ತಾನೆ. ಚೀಟಿ ಅವನ ಕೈಯಲ್ಲಿ ಕೊಟ್ಟರೆ ನನಗೆ ಮುಟ್ಟುತ್ತದೆ.

ಹಣಮಪ್ಪ


ನವನಗರ, ಬಾಗಲಕೋಟೆ
೪ ಮೇ ೨೦೨೪

ಮಾವನವರಿಗೆ ರಾಧಿಕಾಳ ನಮಸ್ಕಾರ.

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಅನಿಲಕುಮಾರಣ್ಣ ಎರಡು ಸಲ ಕೇಳಿದರು, ಎರಡು ಸಲವೂ ಇನ್ನೂ ಬರೆದಿಲ್ಲ ಎಂದೆ. ಆ ಮಾತು ಆಡಿದ ಮೇಲೆ ಏನು ಬರೆದರೂ ಹೊಂದುವುದಿಲ್ಲ ಅನ್ನಿಸುತ್ತಿತ್ತು. ಈಗಲೂ ಅನ್ನಿಸುತ್ತಿದೆ. ಅದಕ್ಕೇ ಧರ್ಮುವಿನ ಸುದ್ದಿ ಮಾತ್ರ ಬರೆಯುತ್ತೇನೆ.

ನಾನು ಸಂಬಳವಿಲ್ಲದ ರಜೆ ಹಾಕಿ ಮನೆಯಲ್ಲಿದ್ದೇನೆ. ಬಸುರಿದ್ದಾಗ ಮೂರು ತಿಂಗಳು ಹಾಸಿಗೆ ಹಿಡಿದಿದ್ದಕ್ಕೆ ಹೆರಿಗೆ ರಜೆಯೆಲ್ಲ ಮೊದಲೇ ಕರಗಿತ್ತು, ನಿಮಗೆ ಗೊತ್ತೇ ಇದೆ. ಡಾಕ್ಟರು ಹೇಳಿದಂತೆ ಫಿಜಿಯೋಥೆರಪಿಯ ನರ್ಗೀಸ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಅವರು ಅವನ ತಲೆಯನ್ನು ಎರಡು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಬಲಕ್ಕೆ ತಿರುಗಿಸಿದರು, ಗದ್ದ ಭುಜದವರೆಗೂ ಹೋಯಿತು. ಎಡಕ್ಕೆ ತಿರುಗಿಸಿದರು, ಅರ್ಧಕ್ಕೇ ನಿಂತಿತು, ಅವನು ಚೀರಿದ. ಎಡಗಡೆ ಕುತ್ತಿಗೆಯ ನರದಂಥ ಸ್ನಾಯುವನ್ನು ನನ್ನ ಬೆರಳಿಗೂ ಮುಟ್ಟಿಸಿದರು. ಹಗ್ಗದ ಹಾಗೆ ಬಿಗಿಯಾಗಿತ್ತು.

"ಇದು ಹುಟ್ಟಿದಾಗಿಂದ ಐತ್ರಿ," ಅಂದರು. "ಹೊಟ್ಟ್ಯಾಗ ಕುಂತ ರೀತಿಗೆ ಹಿಂಗ ಆಗಿರ್ತೈತಿ. ಕುತಗಿ ಬಿಗಿ ಇದ್ದಿದ್ದಕ್ಕ ಅಂವ ತಾನ ಬಲಕ್ಕ ಹೊಳ್ಳ್ಯಾನ. ಬಲಕ್ಕ ಹೊಳ್ಳಿ ಮಲಗಿದ್ದಕ್ಕ ತಲಿ ಚಪ್ಪಟಿ ಆಗೇತಿ."

ಯಾರೂ ಅವನನ್ನು ಬಲಕ್ಕೆ ತಿರುಗಿಸಿ ಇಟ್ಟಿರಲಿಲ್ಲ ಎಂದು ಆಗ ತಿಳಿಯಿತು. ಹಗಲೆಲ್ಲ ಮಲಗಿದ್ದಕ್ಕೆ ಹೆಚ್ಚಾಯಿತೇ ಎಂದು ಕೇಳಿದೆ. ಹೌದು, ಸ್ವಲ್ಪ ಹೆಚ್ಚಾಗಿರುತ್ತದೆ, ಅದೊಂದೇ ಕಾರಣ ಅಲ್ಲ ಅಂದರು. ಇದನ್ನು ನಿಮಗೆ ತಿಳಿಸಬೇಕಿತ್ತು.

ಈಗ ದಿನವೂ ಕುತ್ತಿಗೆಯ ವ್ಯಾಯಾಮ ಮಾಡಿಸುತ್ತೇನೆ. ಎಚ್ಚರವಿದ್ದಾಗ ಕೌದಿಯ ಮೇಲೆ ಬೋರಲು ಹಾಕಿ ಎದುರಿಗೆ ಕೂರಬೇಕು. ಅವನು ಮೂಗು ಕೌದಿಗೆ ತಿಕ್ಕಿ ಅಳುತ್ತಾನೆ, ನಾನೂ ಅತ್ತಿದ್ದೇನೆ. ನಿದ್ದೆಗೆ ಮಾತ್ರ ಅಂಗಾತವೇ ಮಲಗಿಸಬೇಕು, ಅದನ್ನು ಬದಲಿಸಬಾರದು, ಆದರೆ ತಲೆ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ಇರಬೇಕು ಅಂದಿದ್ದಾರೆ. ಅವನು ಬಾಗಿಲ ಬೆಳಕನ್ನೇ ನೋಡುತ್ತಾನಲ್ಲ, ಅದಕ್ಕೆ ತಲೆಯಿದ್ದ ಕಡೆ ಕಾಲು ಮಾಡಿ ಮಲಗಿಸುತ್ತೇನೆ. ಆಗ ಬಾಗಿಲು ಅವನ ಎಡಕ್ಕೆ ಬರುತ್ತದೆ. ನಾದಿನಿ ಮಹೇಶ್ವರಿ ಇಳಕಲ್ಲಿನಿಂದ, ಎಲ್ಲ ಕೂಸುಗಳಿಗೂ ಮಾಡುವಂತೆ, ಸಾಸಿವೆ ತುಂಬಿದ ದಿಂಬು ಹೊಲಿದು ಕಳಿಸಿದ್ದಳು. ಮಲಗಿದ ಕೂಸಿನ ಹತ್ತಿರ ಯಾವ ದಿಂಬೂ ಬೇಡ, ಉಸಿರಿಗೆ ಅಪಾಯ ಎಂದು ಮೇಡಂ ಹೇಳಿದ್ದಕ್ಕೆ ಕಪಾಟಿನಲ್ಲಿಟ್ಟೆ. ನೀರು ಎರೆಯುವಾಗ ತಲೆ ಒತ್ತಿ ತಿದ್ದುವುದೂ ಬೇಡವಂತೆ.

ದವಾಖಾನೆಗೆ ಹೋಗುವಾಗ ಅವನಿಗೆ ಕುಂಚಿಗೆ ಕಟ್ಟಿಕೊಂಡೇ ಹೋಗುತ್ತೇನೆ. ಈ ಬಿಸಿಲಿನಲ್ಲಿ ಕೂಸಿನ ತಲೆಗೆ ಕುಂಚಿಗೆ ಯಾಕವ್ವಾ ಎಂದು ಬಸ್ಸಿನಲ್ಲಿ ಒಬ್ಬ ಅಜ್ಜಿ ಕೇಳಿದಳು. ನೆಗಡಿ ಎಂದು ಸುಳ್ಳು ಹೇಳಿದೆ. ಬಿಚ್ಚಿ ನೋಡಿದರೆ ಕುತ್ತಿಗೆಯ ತುಂಬ ಬೆವರುಸಾಲೆ. ಹಿಂದಿನ ಸೀಟಿನಲ್ಲಿ ಕೂತು ಮುಂದಿದ್ದ ಎಲ್ಲರ ತಲೆಗಳನ್ನೂ ನೋಡಿದೆ. ಇಷ್ಟು ವರ್ಷ ಟಿಕೆಟ್ ಹರಿದರೂ ಯಾರ ತಲೆಯನ್ನೂ ಹಾಗೆ ನೋಡಿರಲಿಲ್ಲ. ಎಲ್ಲರವೂ ದುಂಡಗೇ ಕಂಡವು.

ಊಟ ಸರಿಯಾಗಿ ಮಾಡಿರಿ.

ರಾಧಿಕಾ


ಶಿವಯೋಗ ಮಂದಿರ
೧೯ ಮೇ ೨೦೨೪

ರಾಧಿಕಾಳಿಗೆ,

ಪತ್ರ ಮುಟ್ಟಿತು. ಕುತ್ತಿಗೆಯ ವಿಷಯ ನನಗೆ ಸಮಾಧಾನವಾಗಲಿ ಎಂದು ಬರೆದಿರುವೆ ಅನ್ನಿಸಿತು. ನರ್ಗೀಸ ಮೇಡಂ ನಿಜವಾಗಿ ಹಾಗೆಂದಿದ್ದರೂ, ಮಲಗಿದ್ದಕ್ಕೆ ಹೆಚ್ಚಾಯಿತು ಎಂದೂ ಅಂದಿದ್ದಾರಲ್ಲ. ಅದು ನನ್ನ ಪಾಲಿನದು.

ಇಲ್ಲಿ ಬೆಳಿಗ್ಗೆ ಅಕ್ಕಿ, ಬೇಳೆ ಆರಿಸಿ ಕೊಡುತ್ತೇನೆ. ಕೂತು ಮಾಡುವ ಕೆಲಸ. ಮಲಪ್ರಭೆಯಲ್ಲಿ ನೀರು ಕಡಿಮೆ, ಕಲ್ಲುಗಳು ಕಾಣುತ್ತಿವೆ. ಜೊತೆಗೆ ಆರಿಸಲು ಕೂರುವ ಅಮಾತೆಪ್ಪ ಎಂಬ ಹಿರಿಯರು, ಮನೆಯಲ್ಲಿ ಮೊಮ್ಮಕ್ಕಳಿಲ್ಲವೇ ಎಂದು ಕೇಳಿದರು. ಇದ್ದಾನೆ ಅಂದೆ. ಮತ್ತೆ ಇಲ್ಲೇಕೆ ಕೂತೀರಿ ಅಂದರು. ಸೇವೆಗೆ ಬಂದೆ ಅಂದೆ. ಅವರು ನನ್ನ ಮುಖ ನೋಡಿ ಮೊರವನ್ನು ತಮ್ಮ ಕಡೆ ಎಳೆದುಕೊಂಡರು. ಸುಳ್ಳು ಹೇಳುವುದು ನನಗೂ ಬರುವುದಿಲ್ಲ ಎಂದು ಕಾಣುತ್ತದೆ.

ಅವನನ್ನು ಎತ್ತಿಕೊಂಡು ಅಂಗಳದಲ್ಲಿ ಅಡ್ಡಾಡಬೇಕಿತ್ತು. ಹೆಗಲ ಮೇಲೆ ಹಾಕಿಕೊಳ್ಳಬೇಕಿತ್ತು. ನಾನು ಎತ್ತಿಕೊಳ್ಳಲಿಲ್ಲ. ಪಕ್ಕದಲ್ಲಿ ಕೂತು ಮಾತಾಡಿಸಿದೆ, ನೊಣ ಹೊಡೆದೆ, ನೀನು ತೆಗೆದಿಟ್ಟುಹೋದ ಹಾಲನ್ನು ಕುಡಿಸಿದೆ, ಅಷ್ಟೇ. ಯಾಕೆ ಎತ್ತಿಕೊಳ್ಳಲಿಲ್ಲ ಎಂದು ಮಾತ್ರ ಕೇಳಬೇಡ.

ನಿನ್ನ ಅತ್ತೆ ಮರೆವ್ವ ಬದುಕಿದ್ದರೆ ನಿನ್ನ ಮಗ ಹೀಗಾಗುತ್ತಿರಲಿಲ್ಲ. ನೀನು ನನ್ನನ್ನು ನಂಬಿ ಅವನನ್ನು ಬಿಟ್ಟುಹೋದೆ.

ಅವನ ಬೆವರುಸಾಲೆ ಕಡಿಮೆಯಾಯಿತೇ?

ಹಣಮಪ್ಪ


ಬಾಗಲಕೋಟೆ
೨೩ ಜೂನ್ ೨೦೨೪

ಮಾವನವರಿಗೆ,

ಕೇಳಬೇಡ ಎಂದಿದ್ದಿರಿ. ನಾನು ಕೇಳಲಿಲ್ಲ, ಪಕ್ಕದ ಮನೆಯ ಗುಲಾಬಬಿ ಅಕ್ಕ ತಾನಾಗಿ ಹೇಳಿದರು.

ನಿನ್ನೆ ಮಧ್ಯಾಹ್ನ ಧರ್ಮುವನ್ನು ಬೋರಲು ಹಾಕಿದ್ದೆ. ಅವನು ಎರಡೂ ಕೈ ಊರಿ ಎದೆ ಎತ್ತಿ, ಎಡಗಡೆ ಕೂತಿದ್ದ ಗುಲಾಬಬಿ ಅಕ್ಕನ ಬಳೆ ನೋಡಿದ. ಎಡಕ್ಕೆ, ಪೂರ್ತಿ. ನಾನು ಕುಣಿಯುವುದೊಂದು ಬಾಕಿ. ಅವರು ಮಾತ್ರ ಕಣ್ಣೊರೆಸಿಕೊಂಡು, ಅಜ್ಜಾರು ನೋಡಬೇಕಿತ್ತು ಅಂದರು. ಆ ಹೊತ್ತಿನಲ್ಲಿ ನಿಮ್ಮ ಹೆಸರು ಬಂದದ್ದಕ್ಕೆ ನನಗೆ ಸಿಟ್ಟು ಬಂತು, ಮುಖದಲ್ಲಿ ಕಂಡಿರಬೇಕು. ಅವರು ಇನ್ನು ತಡೆಯಲಿಲ್ಲ.

"ಅವ್ರ ಎಡಗೈ ಮ್ಯಾಲ ಏಳೂದಿಲ್ಲ, ರಾಧಿಕಾ. ಕೂಸು ಅತ್ತಾಗೆಲ್ಲ ಗ್ವಾಡಿ ಮ್ಯಾಲಿಂದ ನನ್ನ ಕರೀತಿದ್ರು. ನಾ ಬಂದು ಎತ್ತಿ ಅವ್ರ ತೊಡಿ ಮ್ಯಾಲ ಇಡ್ತಿದ್ದೆ. ನಿನಗ ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡಿದ್ರು."

ತಾನು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಕೂಸು ಮಲಗಿದಲ್ಲೇ ಇರುತ್ತಿತ್ತು, ಕೆಡವಿಬಿಟ್ಟೇನು ಎಂದು ಅಜ್ಜಾರು ಮುಟ್ಟುತ್ತಿರಲಿಲ್ಲ ಎಂದೂ ಹೇಳಿದರು.

ಮಾವನವರೇ, ನಿಮ್ಮ ಮೇಲೆ ಸಿಟ್ಟಾಗಬೇಕೆಂದು ನೋಡಿದೆ. ಆಗಲಿಲ್ಲ. ಯಾಕೆಂದರೆ ನೀವು ಅಂಗಿಯ ಬಲತೋಳನ್ನು ಬಲು ಸುಲಭವಾಗಿ ಹಾಕಿಕೊಂಡು, ಎಡತೋಳಿಗೆ ಗೋಡೆಗೆ ಒರಗಿ ಒದ್ದಾಡುತ್ತಿದ್ದುದನ್ನು ನಾನು ನೋಡಿದ್ದೇನೆ. ಮೇಲಿನ ಗೂಟದ ಟವೆಲನ್ನು ಬಲಗೈಯಿಂದಲೇ ತೆಗೆಯುತ್ತಿದ್ದಿರಿ, ಅದನ್ನೂ ನೋಡಿದ್ದೇನೆ. ಇಳಕಲ್ಲಿನಿಂದ ಬಂದ ಮೊದಲ ದಿನವೇ ನೋಡಿದ್ದೆ. ಕೈ ನೋಯುತ್ತದೆಯೇ ಎಂದು ಕೇಳಿದರೆ ನೀವು ಹೌದು ಅಂದುಬಿಟ್ಟರೆ, ಮಾರನೆಯ ದಿನ ನಾನು ಹುನಗುಂದದ ಗಾಡಿ ಹತ್ತುವಂತಿರಲಿಲ್ಲ. ನನ್ನ ತಾಯಿ ಗುಡೂರಿನಲ್ಲಿ ಅಣ್ಣನ ಮಕ್ಕಳನ್ನು ಬಿಟ್ಟು ಬರುವಂತಿರಲಿಲ್ಲ. ಅದಕ್ಕೆ ಕೇಳಲಿಲ್ಲ. ನಿಮ್ಮ ಒಂದು ಕೈ ಏಳುವುದಿಲ್ಲವೆಂದು ನನಗೆ ಗೊತ್ತಿದ್ದೂ ಕೂಸನ್ನು ಬಿಟ್ಟುಹೋದೆ. ಆಮೇಲೆ ದವಾಖಾನೆಯಲ್ಲಿ ಎಲ್ಲರ ಮುಂದೆ ಆ ಮಾತು ಅಂದೆ.

ಯುವರಾಜರಿಗೆ ಇದನ್ನು ಹೇಳಲು ಇನ್ನೂ ಬಾಯಿ ಬಂದಿಲ್ಲ.

ನರ್ಗೀಸ ಮೇಡಂಗೆ ನಿಮ್ಮ ಭುಜದ ಬಗ್ಗೆ ಕೇಳಿದೆ. ಪಾಲಿಶ್ ಮಷೀನಿನ ಅದುರುವಿಕೆಗೆ ಹೀಗಾಗಿರಬಹುದು, ನೋಡದೆ ಹೇಳಲಾರೆ, ವ್ಯಾಯಾಮದಿಂದ ಎಷ್ಟೋ ಜನಕ್ಕೆ ಸಡಿಲವಾಗಿದೆ ಅಂದರು. ಬನ್ನಿ ಎಂದು ಬರೆಯಲು ನಾಚಿಕೆಯಾಗುತ್ತದೆ. ನನ್ನ ರಜೆ ಆಗಸ್ಟ್ ಕೊನೆಗೆ ಮುಗಿಯುತ್ತದೆ, ಕೂಸನ್ನು ನೋಡಿಕೊಳ್ಳಲು ಆಳು ಬೇಕೆಂದು ಕರೆಯುತ್ತಿದ್ದಾಳೆ ಎಂದು ನಿಮಗೆ ಅನ್ನಿಸಬಹುದು. ಕೂಸಿನ ಮಾತು ಬಿಡಿ. ಕೈ ತೋರಿಸಲಿಕ್ಕಾದರೂ ಬನ್ನಿ.

ಬೆವರುಸಾಲೆ ಹೋಗಿದೆ. ಆದರೂ ಕುಂಚಿಗೆ ಬಿಟ್ಟಿಲ್ಲ.

ರಾಧಿಕಾ


ಶಿವಯೋಗ ಮಂದಿರ
೧೪ ಜುಲೈ ೨೦೨೪

ರಾಧಿಕಾ,

ಗುಲಾಬಬಿಯ ಮೇಲೆ ಸಿಟ್ಟಿಲ್ಲ ಎಂದು ಅವರಿಗೆ ಹೇಳು. ಆಣೆ ಹಾಕಿಸಿದ್ದು ನನ್ನ ತಪ್ಪು.

ಕೈ ಆಗದು ಎಂದಿದ್ದರೆ ನೀವು ನನ್ನನ್ನು ವಾಪಸು ಕಳಿಸುತ್ತಿದ್ದಿರಿ. ಕಾರ್ಖಾನೆಯವರು ಹಾಗೇ ಕಳಿಸಿದ್ದರು. "ಮಾವಾರ, ನಮ್ಮ ಕೂಸಿನ್ನ ನೀವ ನೋಡ್ಕೋರಿ" ಎಂದು ನೀನು ಫೋನಿನಲ್ಲಿ ಅಂದಾಗ, ಒಂದು ಕೆಲಸಕ್ಕೆ ನಾನು ಬೇಕಾಗಿದ್ದೇನೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ನೆನೆಸಿಕೊಂಡು ಬಂದಿದ್ದೆ. ಆ ಕೆಲಸ ಹೋಗಬಾರದೆಂದು ಮುಚ್ಚಿಟ್ಟೆ. ಕೂಸಿನ ಮೇಲೆ ಏನಾಗುತ್ತದೆ ಎಂದು ಯೋಚಿಸಲಿಲ್ಲ.

ನೀನು ನೋಡಿಯೂ ಸುಮ್ಮನಿದ್ದೆ ಎಂದು ಬರೆದದ್ದನ್ನು ಓದಿ ಪತ್ರ ಮಡಚಿಟ್ಟೆ. ಮರುದಿನ ಮತ್ತೆ ಓದಿದೆ. ಸಣ್ಣವಳು ನೀನು, ಮೂರು ತಿಂಗಳ ಬಾಣಂತಿ, ಮುಂಜಾನೆ ಕತ್ತಲಲ್ಲೇ ಗಾಡಿ ಹತ್ತಬೇಕಿತ್ತು. ನಿನ್ನದನ್ನು ತಪ್ಪೆಂದು ನಾನು ಎಣಿಸುವುದಿಲ್ಲ. ನನ್ನದನ್ನು ನೀನು ಬಿಡು ಎಂದೂ ಕೇಳುವುದಿಲ್ಲ.

ಮಹೇಶ್ವರಿ ಇಲ್ಲಿಗೆ ಬಂದಿದ್ದಳು. ಶ್ರಾವಣದಲ್ಲಿ ಬನಶಂಕರಿಯಲ್ಲಿ ಧರ್ಮುವಿನ ಜವಳ ತೆಗೆಸಬೇಕು, ವೈನಿ ಏನೇನೋ ನೆಪ ಹೇಳುತ್ತಾಳೆ ಎಂದು ನನ್ನ ಮುಂದೆ ದೂರಿದಳು. ನೆಪ ಯಾಕೆಂದು ನನಗೆ ಗೊತ್ತಾಯಿತು, ಅವಳಿಗೆ ಹೇಳಲಿಲ್ಲ. ಕೂದಲು ಹೋದರೆ ಎಲ್ಲರಿಗೂ ಕಾಣುತ್ತದೆ.

ಜವಳ ಮಾಡಿಸು. ನಾನು ಬರುವುದಿಲ್ಲ. ಬೋಳಾದ ತಲೆ ನೋಡಿ ನಾಲ್ಕು ಜನ ನಿನ್ನನ್ನು ಕೇಳಿದರೆ, ಅಜ್ಜ ಮಾಡಿದ್ದು ಎಂದುಬಿಡು. ಎದುರಿಗೆ ನಾನಿಲ್ಲದಿದ್ದರೆ ಹೇಳಲು ನಿನಗೂ ಕಷ್ಟವಾಗದು.

ಹಣಮಪ್ಪ


ಬಾಗಲಕೋಟೆ
೧೧ ಆಗಸ್ಟ್ ೨೦೨೪

ಮಾವನವರಿಗೆ,

ನಿಮ್ಮ ಪತ್ರವನ್ನು ಯುವರಾಜರಿಗೆ ಕೊಟ್ಟೆ, ನಾನು ಬರೆದದ್ದನ್ನೂ ಹೇಳಿದೆ. ಅವರು ಓದಿ ಮಡಚಿ ಜೇಬಿಗಿಟ್ಟುಕೊಂಡರು. ಕಡೆಗೆ, ಅಪ್ಪನ ಕೈ ಹಾಗಿದ್ದದ್ದು ಮಗನಿಗೇ ತಿಳಿಯದಿದ್ದಾಗ ಸೊಸೆಯನ್ನು ಏನೆಂದು ಕೇಳಲಿ ಅಂದರು. ವಾರಕ್ಕೊಮ್ಮೆ ಬಂದು ಕೂಸನ್ನು ಮುದ್ದಾಡಿ ಹೋಗುವ ತಾನೂ ಆ ತಲೆಯನ್ನು ಸರಿಯಾಗಿ ನೋಡಿರಲಿಲ್ಲ ಅಂದರು.

ಮಕ್ಕಳ ಡಾಕ್ಟರ ಹತ್ತಿರ ಮತ್ತೆ ಹೋಗಿದ್ದೆವು. ತಲೆಯನ್ನು ಎರಡೂ ಕಡೆಯಿಂದ ಓರೆಯಾಗಿ ಅಳೆದರು. ಎರಡರ ವ್ಯತ್ಯಾಸ ಮೊದಲಿಗಿಂತ ಬಹಳ ಇಳಿದಿದೆ. ತಲೆಗೆ ಹಾಕುವ ಹೆಲ್ಮೆಟ್ ಒಂದಿರುತ್ತದಂತೆ, ತುಂಬಾ ಹೆಚ್ಚಿದ್ದವರಿಗೆ ದೊಡ್ಡ ಊರಿನಲ್ಲಿ ಅಳತೆ ಕೊಟ್ಟು ಮಾಡಿಸುತ್ತಾರೆ. ಇವನಿಗೆ ಬೇಡ ಅಂದರು. ಕುತ್ತಿಗೆ ಸಡಿಲವಾಗಿದೆ, ಕೂರುತ್ತಾನೆ, ತೆವಳುತ್ತಾನೆ, ಇನ್ನು ತಲೆ ಒಂದೇ ಕಡೆ ನೆಲಕ್ಕೆ ಹತ್ತುವುದಿಲ್ಲ. ಬುದ್ಧಿಗೆ ಏನೂ ಆಗುವುದಿಲ್ಲ ಎಂದು ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಪೂರ್ತಿ ದುಂಡಗಾಗುತ್ತದೆ ಎಂದು ಮಾತ್ರ ಹೇಳಲಿಲ್ಲ. ಸ್ವಲ್ಪ ಉಳಿಯಬಹುದು, ಗಮನಿಸಿ ನೋಡಿದವರಿಗಷ್ಟೇ ತಿಳಿಯುತ್ತದೆ ಅಂದರು.

ಗಮನಿಸಿ ನೋಡುವವರೇ ಜವಳಕ್ಕೆ ಬರುವುದು.

ಶುಕ್ರವಾರ, ಇಪ್ಪತ್ಮೂರಕ್ಕೆ ಗೊತ್ತುಮಾಡಿದ್ದೇವೆ. ಗುಡೂರಿನಿಂದ ಅಣ್ಣ ಬರುತ್ತಾನೆ, ಸೋದರಮಾವನ ತೊಡೆ ಬೇಕಲ್ಲ. ನೀವು ಹೇಳಿದ್ದನ್ನು ನಾನು ಯಾರಿಗೂ ಹೇಳುವುದಿಲ್ಲ. ಅಜ್ಜ ಮಾಡಿದ್ದು ಎಂದು ಒಂದು ಸಲ ಅಂದು ನೋಡಿದ್ದೇನೆ, ಸಾಕು.

ಬಂದರೆ ಬನ್ನಿ.

ರಾಧಿಕಾ


ಶಿವಯೋಗ ಮಂದಿರ
೨೫ ಆಗಸ್ಟ್ ೨೦೨೪

ರಾಧಿಕಾ,

ಶುಕ್ರವಾರ ನೀವೆಲ್ಲ ಬನಶಂಕರಿಗೆ ಬರುವ ಮುಂಚೆಯೇ ನಾನು ಬಂದಿದ್ದೆ. ನಿನಗದು ಗೊತ್ತಿಲ್ಲ. ಹೊಂಡದ ಸುತ್ತಿನ ಮಂಟಪದಲ್ಲಿ ಒಂದು ಕಂಬದ ಹಿಂದೆ ನಿಂತಿದ್ದೆ. ದೂರದಿಂದ ನೋಡಿ ಹೋಗಿಬಿಡಬೇಕೆಂದಿದ್ದೆ. ನಿಮ್ಮ ಅಣ್ಣ ಚಕ್ಕಳಬಕ್ಕಳ ಹಾಕಿ ಕೂತರು, ಧರ್ಮು ತಲೆಗೆ ನೀರು ಬಿದ್ದ ಕೂಡಲೇ ಕಿರುಚಿದ. ಕತ್ತಿ ಆಡಿದ ಹಾಗೆ ಕೂದಲು ಬೀಳುತ್ತಿತ್ತು. ನಿನ್ನ ಕಣ್ಣು ಕೂಸಿನ ಮೇಲಿರಲಿಲ್ಲ. ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಅಷ್ಟು ಜನರ ನಡುವೆ ನೀನು ಒಬ್ಬಳೇ ನಿಂತ ಹಾಗೆ ಕಂಡಿತು. ಅದಕ್ಕೇ ಕಂಬ ಬಿಟ್ಟು ಬಂದೆ.

ಹತ್ತಿರ ಬಂದು ನೋಡಿದೆ. ಹೌದು, ಬಲಗಡೆ ಹಿಂದೆ ಇನ್ನೂ ಸ್ವಲ್ಪ ಇದೆ. ನಾನು ಮಾಡಿದ್ದು ಎಷ್ಟು, ಹುಟ್ಟಿನಿಂದ ಬಂದದ್ದು ಎಷ್ಟು ಎಂದು ಯಾರು ಅಳೆದು ಹೇಳಬೇಕು. ಮೆಟ್ಟಿಲ ಮೇಲೆ ಕೂತೆ.

ಆಗಲೇ ಮಹೇಶ್ವರಿ ಅವನ ತಲೆಗೆ ಗಂಧ ಹಚ್ಚುತ್ತ ಹಚ್ಚುತ್ತ ಕೈ ನಿಲ್ಲಿಸಿದಳು. ನನ್ನ ಮಗಳೇ ಆದರೂ ಅವಳ ಬಾಯಿ ನನಗೆ ಗೊತ್ತು. ಇಳಕಲ್ಲಿನ ಬೀಗರೆಲ್ಲ ಕೇಳುವಂತೆ ಅಂದಳು, "ತಲಿ ಈ ಕಡೆ ಸಪಾಟ ಐತಲ್ಲ ವೈನಿ. ಯಾರ್ ನೋಡ್ಕೊಂಡಿದ್ರು ಇವನ್ನ?"

ನಾನು ಹೇಳಲೆಂದು ಎದ್ದೆ. ಇಷ್ಟು ತಿಂಗಳು ಆ ಮಾತನ್ನೇ ಬಾಯಲ್ಲಿಟ್ಟುಕೊಂಡಿದ್ದೆ. ನೀನು ನನಗಿಂತ ಮೊದಲು ಅಂದೆ:

"ನಾವಿಬ್ರೂ. ನಾನೂ, ಮಾವಾರೂ."

ಅಷ್ಟೇ ಅಂದೆ. ದನಿ ಏರಿಸಲಿಲ್ಲ, ಅಳಲಿಲ್ಲ. ಕುತ್ತಿಗೆಯ ಕಥೆ ಹೇಳಲಿಲ್ಲ, ನನ್ನ ಕೈಯ ಕಥೆಯನ್ನೂ ಹೇಳಲಿಲ್ಲ. ಮಹೇಶ್ವರಿ ನಿನ್ನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಗಂಧ ಹಚ್ಚತೊಡಗಿದಳು. ಬೇರೆ ಯಾರೂ ಏನೂ ಕೇಳಲಿಲ್ಲ. ನಿಮ್ಮ ಅಣ್ಣ ಊಟ ಎಲ್ಲಿ ಎಂದರು.

ನಂತರ ನೀನು ಅವನನ್ನು ತಂದು ನನ್ನ ಮಡಿಲಲ್ಲಿ ಇಟ್ಟೆ, ನನ್ನ ಎಡಗೈಯ ಕೆಳಗೆ ನಿನ್ನ ಕೈ ಕೊಟ್ಟು ಕೂತೆ. ಅವನು ನನ್ನನ್ನು ಗುರುತಿಸಲಿಲ್ಲ. ನಾಲ್ಕು ತಿಂಗಳು ಕೂಸಿಗೆ ಬಹಳ ದಿನ. ಅಪರಿಚಿತನನ್ನು ನೋಡುವಂತೆ ನೋಡಿ ತುಟಿ ಸೊಟ್ಟ ಮಾಡಿದ. ಅದೂ ನನಗೆ ಸಲ್ಲಬೇಕಾದದ್ದೇ.

ಊಟವಾದ ಮೇಲೆ ನೀವೆಲ್ಲ ಕರೆದರೂ ನಾನು ಜೊತೆಗೆ ಬರಲಿಲ್ಲ. ಬೇಸರ ಮಾಡಿಕೊಳ್ಳಬೇಡ. ಇಲ್ಲಿ ಇಷ್ಟು ದಿನ ಅನ್ನ ಹಾಕಿದವರಿಗೆ ಹೇಳಿ ಹೊರಡಬೇಕಿತ್ತು, ಅಮಾತೆಪ್ಪನವರಿಗೂ ಹೇಳಬೇಕಿತ್ತು. ಅವರಿಗೆ ಈ ಸಲ ನಿಜ ಹೇಳಿದೆ. ಅವರು ಕೇಳಿ, ಕೂಸು ಎಷ್ಟು ತೂಕ ಇದೆ ಅಂದರು. ನನಗೆ ಗೊತ್ತಿರಲಿಲ್ಲ.

ಬುಧವಾರ ಅನಿಲಕುಮಾರನ ಗಾಡಿಗೆ ಬರುತ್ತೇನೆ. ಮೊದಲು ನರ್ಗೀಸ ಮೇಡಂ ಹತ್ತಿರ ಭುಜ ತೋರಿಸುತ್ತೇನೆ, ಹೇಳಿದಷ್ಟೂ ಮಾಡುತ್ತೇನೆ. ಕೈ ಮೇಲೇಳುತ್ತದೋ ಇಲ್ಲವೋ ಗೊತ್ತಿಲ್ಲ. ನೀನು ಡ್ಯೂಟಿಗೆ ಹೋದ ಮೇಲೆ ಅವನು ನೆಲದ ಮೇಲೆ ತೆವಳಲಿ, ನಾನೂ ನೆಲದ ಮೇಲೇ ಕೂರುತ್ತೇನೆ. ಎತ್ತಬೇಕಾದಾಗ ಗುಲಾಬಬಿಯವರನ್ನು ಎಲ್ಲರಿಗೂ ಕೇಳುವಂತೆ ಕೂಗುತ್ತೇನೆ. ಅವರಿಗೆ ಈಗಲೇ ಹೇಳಿಡು.

ನೀನು ಮನೆಯಲ್ಲಿದ್ದಾಗ ನಿನ್ನನ್ನೇ ಕರೆಯುತ್ತೇನೆ. ಕರೆದಾಗ ಬಾ.

ಹಣಮಪ್ಪ